ಎರಡು ಸಲ ತಟ್ಟಿದರೆ

ನನ್ನ ಗಂಡ ಬಸ್ಸಿನ ಡ್ರೈವರ್, ನಾನು ಅದೇ ಬಸ್ಸಿನ ಕಂಡಕ್ಟರ್. ಬಸ್ಸು ಹಿಂದಕ್ಕೆ ತೆಗೆಯುವಾಗ ನಾನು ಕೆಳಗಿಳಿದು ಅದರ ಮೈ ತಟ್ಟುತ್ತಿದ್ದೆ. ಎರಡು ಸಲ ತಟ್ಟಿದರೆ ಬಾ, ಒಂದು ಸಲ ತಟ್ಟಿದರೆ ನಿಲ್ಲು. ಅವರು ಕನ್ನಡಿ ಕಡೆ ತಲೆಯನ್ನೂ ತಿರುಗಿಸುತ್ತಿರಲಿಲ್ಲ. "ಹೆಂಡ್ತಿ ಕೈ ಇರುವಾಗ ಕನ್ನಡಿ ಯಾಕೆ?" ಎಂದು ಡಿಪೋದಲ್ಲಿ ಎಲ್ಲರೆದುರು ಹೇಳುತ್ತಿದ್ದರು. ನಾನು ಮುಖ ಸಿಂಡರಿಸಿಕೊಂಡರೂ ಒಳಗೊಳಗೇ ಉಬ್ಬಿಹೋಗುತ್ತಿದ್ದೆ.

ಸೋಮವಾರದಿಂದ ನನಗೆ ಆಫೀಸಿನ ಕೆಲಸ, ಅವರಿಗೆ ಹೊಸ ಕಂಡಕ್ಟರ್. ಅದಕ್ಕೆ ಮುಂಚೆ ಒಂದು ರಾತ್ರಿಯಾದರೂ ಹಾಯಾಗಿರೋಣವೆಂದು ನನ್ನ ತಮ್ಮನ ಕ್ಯಾಂಪರ್ ವ್ಯಾನ್ ಕೇಳಿ ತಂದೆವು. ಹಾಸಿಗೆ, ಒಲೆ, ಪಾತ್ರೆ ತೊಳೆಯುವ ಸಿಂಕು ಎಲ್ಲ ಅದರೊಳಗೇ. ಬೆಟ್ಟದ ಮೇಲೆ ಹೊಳೆ ಪಕ್ಕ ಇಂಥ ವ್ಯಾನುಗಳು ನಿಲ್ಲುವ ಮೈದಾನವಿತ್ತು. ದಾರಿಯುದ್ದಕ್ಕೂ ನಾನು "ಈ ಕಡೆ ಮೋರಿ ಇದೆ, ಆ ಕಡೆ ಜಾಗ ಇದೆ" ಅನ್ನುತ್ತಲೇ ಇದ್ದೆ. ನನ್ನ ಬಾಯಿ ಸುಮ್ಮನಿರುವಂಥದ್ದಲ್ಲ. ಬೇರೆ ಗಂಡನಾಗಿದ್ದರೆ ಗದರುತ್ತಿದ್ದ, ಇವರು ಹೂಂಗುಡುತ್ತ ಓಡಿಸಿದರು.

ಮುಸ್ಸಂಜೆಯಲ್ಲಿ ನಮ್ಮ ಜಾಗಕ್ಕೆ ವ್ಯಾನನ್ನು ಹಿಂದಕ್ಕೆ ತರುವಾಗ ನಾನು ಹೊಳೆದಂಡೆಯಲ್ಲಿ ನಿಂತಿದ್ದೆ. ಒಂದು ಸಲ ತಟ್ಟಿದೆ, ನಿಂತಿತು. ಆ ಹೊತ್ತಿಗೆ ಪಕ್ಕದ ಡೇರೆಯವನು ಗೂಟ ಹೊಡೆಯಲು ಶುರುಮಾಡಿದ. ಟಕ್, ಟಕ್. ವ್ಯಾನು ನೇರ ನನ್ನ ಮೇಲೇ ಬಂತು. ಪಕ್ಕಕ್ಕೆ ಹಾರಿ ಬಿದ್ದು ಕಿರುಚಿದ ಮೇಲೆ ಬ್ರೇಕ್ ಬಿತ್ತು. ಮೊಣಕೈ ತರಚಿ ರಕ್ತ ಬಂದಿತ್ತು.

"ನೋಡ್ಲಿಲ್ವಾ?"

"ನೀನೇ ತಟ್ಟಿದ್ಯಲ್ಲ."

"ತಟ್ಟಿದ್ದು ನಾನಲ್ಲ. ನಾನು ಕೆಂಪು ಸ್ವೆಟರ್ ಹಾಕ್ಕೊಂಡು ಕನ್ನಡಿಗೆ ಎದುರಾಗೇ ನಿಂತಿದ್ದೆ, ಕಾಣ್ಲಿಲ್ವಾ?"

ಅವರು ಸ್ಟೀರಿಂಗ್ ಬಿಡಲಿಲ್ಲ. ಅವರನ್ನು ಇಳಿಸಿ ನಾನೇ ವ್ಯಾನಿನ ಮೂತಿಯನ್ನು ಹೊಳೆಯ ಕಡೆ ಮಾಡಿ ನಿಲ್ಲಿಸಿದೆ. ಚಹಾ ಕೊಟ್ಟ ಮೇಲೆ ಬಾಯಿಬಿಟ್ಟರು.

"ನೇರ ನೋಡಿದ್ದು ಕಾಣುತ್ತೆ. ಅಕ್ಕಪಕ್ಕ ಕತ್ತಲೆ. ಕೊಳವೆಯೊಳಗಿಂದ ನೋಡಿದ ಹಾಗೆ."

"ಯಾವಾಗಿಂದ?"

"ಕನ್ನಡಿ ಬೇಡ ಅಂದಾಗಿಂದ."

ನನ್ನ ಮೈಯೆಲ್ಲ ಉರಿಯಿತು. ನನ್ನ ಮೇಲಿನ ನಂಬಿಕೆ ಅಂದುಕೊಂಡು ಇಷ್ಟು ದಿನ ಮೆರೆದಿದ್ದೆನಲ್ಲ.

"ಡಿಪೋದಲ್ಲಿ ಹೇಳ್ಬೇಡ," ಅಂದರು. "ಬಸ್ ಕಿತ್ಕೊಂಡು ಗೇಟ್ ಹತ್ರ ಸ್ಟೂಲ್ ಹಾಕಿ ಕೂರಿಸ್ತಾರೆ."

"ಕೂತ್ಕೊಳ್ಳಿ. ಸೋಮವಾರ ಬಸ್ ತುಂಬ ಜನ ಇರ್ತಾರೆ, ನಾನಿರಲ್ಲ."

"ಸ್ಟೀರಿಂಗ್ ಹಿಡೀದೆ ನಾನು ಯಾರು ಹೇಳು."

ನಾನು ಚಹಾದ ಲೋಟಗಳನ್ನು ಸಿಂಕಿನಲ್ಲಿಟ್ಟು ದೀಪ ಆರಿಸಿದೆ. ಹೊಳೆಯ ಸದ್ದು ಕೇಳುತ್ತಾ ಹಾಯಾಗಿ ಮಲಗಲು ಬಂದವರು ಒಬ್ಬರಿಗೊಬ್ಬರು ಬೆನ್ನು ಮಾಡಿ ಮಲಗಿದೆವು. ಆ ಇಕ್ಕಟ್ಟಿನ ಹಾಸಿಗೆಯಲ್ಲಿ ಸರಿಯಾಗಿ ಮುನಿಸಿಕೊಳ್ಳಲೂ ಜಾಗವಿರಲಿಲ್ಲ.

ಬೆಳಿಗ್ಗೆ ಹೊರಡುವ ಹೊತ್ತಿಗೆ ಹೊಸ ವರಸೆ ತೆಗೆದರು.

"ಹಗಲಲ್ಲಿ ನಂಗೇನೂ ತೊಂದ್ರೆ ಇಲ್ಲ. ಇವತ್ತು ನೀನು ಓಡ್ಸು, ನಾನು ತಟ್ತೀನಿ. ಸರಿಯಾಗಿ ಹಿಂದಕ್ಕೆ ತೆಗೆಸಿದ್ರೆ ನೀನು ಡಿಪೋದಲ್ಲಿ ಬಾಯಿ ಮುಚ್ಕೊಂಡಿರ್ಬೇಕು."

ಒಪ್ಪಿಕೊಂಡೆ. ನಿಜ ಹೇಳಬೇಕೆಂದರೆ, ಅವರೇ ಗೆಲ್ಲಲಿ ಎಂದು ನನಗಿತ್ತು.

ನಾನು ಸೀಟಿನಲ್ಲಿ ಕೂತೆ. ಅವರು ವ್ಯಾನಿನ ಹಿಂದೆ ಹೋಗಿ ಕತ್ತು ಪೂರ್ತಿ ತಿರುಗಿಸಿ ಆ ಕಡೆ ನೋಡಿದರು, ಈ ಕಡೆ ನೋಡಿದರು, ಡೇರೆಗಳ ಸಾಲು ನೋಡಿದರು. ಆಮೇಲೆ ಎರಡು ಸಲ ತಟ್ಟಿದರು.

ನಾನು ಕನ್ನಡಿ ನೋಡಿದೆ. ಹಿಂದಿನ ಚಕ್ರದ ದಾರಿಯಲ್ಲಿ, ಅವರ ಕಾಲಿನ ಪಕ್ಕದಲ್ಲೇ, ಡೇರೆಯವರ ಮಗು ಹಳದಿ ಟೊಪ್ಪಿ ಹಾಕಿಕೊಂಡು ಕುಕ್ಕರುಗಾಲಲ್ಲಿ ಕೂತು ಕಲ್ಲು ಆರಿಸುತ್ತಿತ್ತು. ನನ್ನ ಕಾಲು ಬ್ರೇಕಿನ ಮೇಲೆ ಮರಗಟ್ಟಿತು.

ಅವರು ಮತ್ತೆ ಎರಡು ಸಲ ತಟ್ಟಿದರು, ಈ ಸಲ ಜೋರಾಗಿ.

ಎಂಜಿನ್ ಆರಿಸಿ ಇಳಿದು ಹೋದೆ. ಮಗುವನ್ನು ಎತ್ತಿ ಅವರ ತೋಳಿನಲ್ಲಿಟ್ಟೆ.

"ಎಲ್ಲಿತ್ತು?" ಅಂದರು.

"ನಿಮ್ಮ ಕಾಲ ಹತ್ರ."

ಅವರ ತುಟಿ ಬಿಳಿಚಿಕೊಂಡಿತು. ಮಗುವನ್ನು ಎದೆಗೆ ಒತ್ತಿ ಹಿಡಿದುಕೊಂಡರು. ಅಷ್ಟರಲ್ಲಿ ಅದರ ತಾಯಿ ಒದ್ದೆ ಕೈಯಲ್ಲೇ ಓಡಿ ಬಂದಳು.

"ಅಯ್ಯೋ ಅಣ್ಣ, ನಿಮ್ಮ ಹೊಟ್ಟೆ ತಣ್ಣಗಿರ್ಲಿ. ನೀವು ನೋಡಿದ್ದಕ್ಕೆ ಮಗು ಉಳೀತು."

ನಾನು ನೆಲ ನೋಡುತ್ತಾ ನಿಂತೆ. ಬೇಕಿದ್ದರೆ ಅವರು ಹೂಂ ಅಂದು ನಕ್ಕುಬಿಡಬಹುದಿತ್ತು.

"ನಾನು ನೋಡ್ಲಿಲ್ಲಮ್ಮ," ಅಂದರು. "ನಂಗೆ ಕಾಣಲ್ಲ."

ಮಗುವನ್ನು ಅವಳ ಕೈಗೆ ಕೊಟ್ಟು, ವ್ಯಾನಿನ ಮೈಮೇಲೆ ಕೈಯಾಡಿಸುತ್ತಾ ಮುಂದೆ ಬಂದು, ನನ್ನ ಪಕ್ಕದ ಸೀಟು ಹತ್ತಿ ಕೂತರು. ನಾನೂ ಹತ್ತಿದೆ. "ಸೋಮವಾರ ಡಿಪೋ ಸಾಹೇಬ್ರ ಹತ್ರ ಹೋಗುವಾಗ ನೀನೂ ಜೊತೇಲಿ ಬಾ," ಅಂದರು. ನಾನು ಹೂಂ ಅಂದು, ಕನ್ನಡಿ ನೋಡಿಕೊಂಡು ಗಾಡಿ ಹಿಂದಕ್ಕೆ ತೆಗೆದೆ.