ಕೋಟೆಗೆ ಕನ್ನ

ಕೋಲಸಿರ್ಸಿಯ ಹುಚ್ಚಪ್ಪ ಯಾರನ್ನೂ ಸುಲಭಕ್ಕೆ ನಂಬುವ ಆಸಾಮಿಯಲ್ಲ. ಪಿಕಪ್ಪಿಗೆ ಡೀಸೆಲ್ ಹಾಕಿಸುವಾಗ ಕನ್ನಡಕ ಏರಿಸಿ ಬಂಕಿನ ಮೀಟರಿನ ಸೊನ್ನೆಯನ್ನೇ ದಿಟ್ಟಿಸುತ್ತಿದ್ದ. ಹೋಟೆಲಿನಲ್ಲಿ ಚಹಾ ಬಂದರೆ ಮೊದಲು ಮೂಸಿ ಆಮೇಲೆ ಕುಡಿಯುತ್ತಿದ್ದ. ಅಂಥವನು ಅಳಿಯನೊಬ್ಬನನ್ನು ಮಾತ್ರ ಕಣ್ಣುಮುಚ್ಚಿ ನಂಬಿದ್ದ, ಈಗ ಅದಕ್ಕೇ ಕೈಕೈ ಹಿಸುಕಿಕೊಳ್ಳುತ್ತಿದ್ದ. ಅವನ ಕೋಟೆಗೆ ಯಾರೋ ದಿನವೂ ಕನ್ನ ಹಾಕುತ್ತಿದ್ದರು.

ಕೋಟೆ ಇದ್ದದ್ದು ಟಿವಿಯೊಳಗೆ. ಅದನ್ನು ತಂದು ಕೂರಿಸಿದವನು ಅಳಿಯ ದರ್ಶನನೇ.

ದರ್ಶನ ನಿಲ್ಕುಂದದವನು. ಸಿದ್ದಾಪುರದ ಗೂಡ್ಸ್ ಗಾಡಿ ಸ್ಟ್ಯಾಂಡಿನ ಎದುರು ಮೊಬೈಲ್ ರಿಪೇರಿ ಅಂಗಡಿ ಇಟ್ಟುಕೊಂಡಿದ್ದ. ದಿನಾ ನಿಲ್ಕುಂದದಿಂದ ಓಡಾಡುವುದು ದೂರವಾಗುತ್ತದೆಂದು ಅವನೂ ಹುಚ್ಚಪ್ಪನ ಮಗಳು ರಕ್ಷಿತಾಳೂ ಕೋಲಸಿರ್ಸಿಯ ಮನೆಯಲ್ಲೇ ಉಳಿದಿದ್ದರು. ಮಾವನಿಗೆ ಸೊಂಟ ಹಿಡಿದು, ಡಾಕ್ಟರು ಮಧ್ಯಾಹ್ನದ ಮೇಲೆ ಸ್ಟೇರಿಂಗ್ ಮುಟ್ಟಬೇಡಿ ಎಂದುಬಿಟ್ಟಿದ್ದರು. ಮನೆಯಲ್ಲಿ ಕೂತು ಕಂಡಕಂಡವರ ಮೇಲೆಲ್ಲ ಹರಿಹಾಯುವ ಮಾವನನ್ನು ನೋಡಲಾರದೆ ದರ್ಶನ ಒಂದು ದಿನ ಅಂಗೈಯಗಲದ ಪೆಟ್ಟಿಗೆ ತಂದು ಟಿವಿಗೆ ಸಿಕ್ಕಿಸಿದ.

"ಇದ್ರಾಗೆ ಎಮ್ಯುಲೇಟರ್ ಅಂತ ಇದೆ ಮಾವ. ಹಳೇ ವಿಡಿಯೋ ಗೇಮ್ ಮಶೀನಿನ ವೇಷ ಹಾಕ್ತದೆ," ಎಂದ.

ವೇಷ ಎಂಬ ಮಾತಿಗೇ ಹುಚ್ಚಪ್ಪ ಹುಬ್ಬೇರಿಸಿದ್ದ. ಆದರೆ ಪರದೆಯ ಮೇಲೆ ಆಟಗಳ ಚಿತ್ರಗಳು ಒಂದೊಂದಾಗಿ ಸರಿಯುತ್ತಾ ಹೋದಾಗ, ಅವುಗಳ ನಡುವೆ ಅದು ಕಂಡಿತು. ಕೆಂಪು ಕೋಟೆ, ಬಾಗಿಲಲ್ಲಿ ಕತ್ತಿ ಹಿಡಿದ ಗಿಡ್ಡ. ಹುಚ್ಚಪ್ಪ ಕನ್ನಡಕ ಏರಿಸಿ ಟಿವಿಯ ಹತ್ತಿರಕ್ಕೆ ಸರಿದ.

ಮೀಸೆ ಮೂಡುವ ವಯಸ್ಸಿನಲ್ಲಿ ಅವನು ಹುಬ್ಬಳ್ಳಿ ಲಾರಿಗೆ ಕ್ಲೀನರ್ ಆಗಿದ್ದ. ಲಾರಿ ಗೋದಾಮಿನೆದುರು ನಿಂತರೆ ಪಕ್ಕದ ಗಲ್ಲಿಯ ವಿಡಿಯೋ ಗೇಮ್ ಅಂಗಡಿಗೆ ಓಡುತ್ತಿದ್ದ. ಗಿಡ್ಡನನ್ನು ಒಂದಂತಸ್ತು, ಎರಡಂತಸ್ತು ಹತ್ತಿಸುವಷ್ಟರಲ್ಲಿ ಡ್ರೈವರನ ಕೂಗು ಬರುತ್ತಿತ್ತು: "ಲೋಡ್ ಆತಲೇ, ಬಾರೋ!" ಅಲ್ಲಿಗೆ ಆಟ ಮುಗಿದಂತೆ. ಕೋಟೆಯ ನೆತ್ತಿಯಲ್ಲಿ ಏನಿದೆ ಎಂಬುದು ಅವನಿಗೆ ಇವತ್ತಿನವರೆಗೂ ಗೊತ್ತಾಗಿರಲಿಲ್ಲ. ಮದುವೆಯಾಯಿತು, ಸ್ವಂತ ಗಾಡಿಯಾಯಿತು, ಮಗಳಿಗೂ ಮದುವೆಯಾಯಿತು, ಆ ಗಿಡ್ಡ ಮಾತ್ರ ನಡುಮೆಟ್ಟಿಲಲ್ಲೇ ನಿಂತಿದ್ದ.

ಶುರುವಿನಲ್ಲಿ ಎಲ್ಲವೂ ಎಡವಟ್ಟು. ಹಾರು ಅಂದರೆ ಗಿಡ್ಡ ಕತ್ತಿ ಬೀಸುತ್ತಿದ್ದ, ಬೀಸು ಅಂದರೆ ಹಾರಿ ಹೊಂಡಕ್ಕೆ ಬೀಳುತ್ತಿದ್ದ. ಗುಂಡಿಗಳು ಅದಲುಬದಲಾಗಿವೆ ಎಂದು ದರ್ಶನ ಕಂಟ್ರೋಲರನ್ನು ಹೊಸದಾಗಿ ಹೊಂದಿಸಿಕೊಟ್ಟ. ಆಮೇಲೆ ಹುಚ್ಚಪ್ಪ ಕೈ ಬಿಟ್ಟರೂ ಗಿಡ್ಡ ತನ್ನಷ್ಟಕ್ಕೆ ಎಡಕ್ಕೆ ನಡೆಯತೊಡಗಿದ. ಹುಚ್ಚಪ್ಪನಿಗೆ ಮೈ ಜುಂ ಎಂದಿತು. ಯಾರೋ ಬೇರೆ ಕಡೆಯಿಂದ ಇವನನ್ನು ನಡೆಸುತ್ತಿದ್ದಾರೆ!

"ಸ್ಟಿಕ್ಕಿನ ಬುಡದಾಗೆ ಧೂಳು ಕೂತಿದ್ದು ಮಾವ," ಎಂದು ದರ್ಶನ ಬಿಚ್ಚಿ ಒರೆಸಿ ಸರಿ ಮಾಡಿದ. ಹುಚ್ಚಪ್ಪ ಹೂಂ ಎಂದ. ಆದರೆ ಮನಸ್ಸಿನಲ್ಲಿ ಮುಳ್ಳು ಉಳಿಯಿತು.

ಹೇಗೆ ಆಡುವುದು, ಹೇಗೆ ನಿಲ್ಲಿಸುವುದು ಎಂದು ದರ್ಶನ ಪೆಟ್ಟಿಗೆ ತಂದ ದಿನವೇ ಹೇಳಿಕೊಟ್ಟಿದ್ದ. ಮೆನು ತೆಗೆದರೆ ಸೇವ್ ಅಂತ ಒಂದು, ಲೋಡ್ ಅಂತ ಒಂದು ಎಂದು ಶುರು ಮಾಡಿದ್ದ. ಅಷ್ಟರಲ್ಲಿ ಹುಚ್ಚಪ್ಪನ ಫೋನು ಬಡಿದುಕೊಂಡಿತು. ಯಾರದೋ ಬಾಡಿಗೆ. ಮಾತು ಮುಗಿಸಿ ಬಂದವನು "ಗೊತ್ತಾತು ಬಿಡು, ಎಲ್ಲಾ ಬರೆದೇ ಇದೆಯಲ್ಲ" ಎಂದಿದ್ದ. ಇಂಗ್ಲಿಷ್ ಅಕ್ಷರಗಳನ್ನು ಅವನು ಲಾರಿಯ ಬೆನ್ನಿನ ಮೇಲೆಯೇ ಓದಿ ಕಲಿತವನು.

ಈಗ ಸಂಗತಿ ಹೀಗಿತ್ತು. ದಿನವೂ ಸಂಜೆ ಹುಚ್ಚಪ್ಪ ಗಿಡ್ಡನನ್ನು ಮೂರೋ ನಾಲ್ಕೋ ಅಂತಸ್ತು ಹತ್ತಿಸಿ, ಜೋಪಾನವಾಗಿ ಒಪ್ಪ ಮಾಡಿಟ್ಟು, ಟಿವಿ ಆರಿಸಿ ಊಟಕ್ಕೆ ಏಳುತ್ತಿದ್ದ. ಮರುದಿನ ಟಿವಿ ಹಚ್ಚಿದರೆ ಗಿಡ್ಡ ಮತ್ತೆ ಕೆಳಗೆ, ಕೋಟೆಯ ಹೆಬ್ಬಾಗಿಲಲ್ಲಿ, ಹೊಸದಾಗಿ ಹುಟ್ಟಿದವನಂತೆ ನಿಂತಿರುತ್ತಿದ್ದ.

ಮೊದಲು ಹೆಂಡತಿ ದುರ್ಗಮ್ಮನನ್ನು ಹಿಡಿದ. "ನೀ ಎಂತಾರೂ ಒತ್ತಿದ್ಯನೇ?"

"ನಂಗೆ ನಿಮ್ಮ ಗಿಡ್ಡನ ಕಟ್ಕಂಡು ಎಂತಾ ಆಗ್ಬೇಕು? ಒರೆಸೂಕೂ ಮುಟ್ಟೂದಿಲ್ಲ ನಾನು," ಎಂದಳು ದುರ್ಗಮ್ಮ.

ಅವಳನ್ನೂ ಪೂರ್ತಿ ನಂಬದೆ ಹುಚ್ಚಪ್ಪ ಕಂಟ್ರೋಲರಿನ ಮೇಲೆ ತೆಳ್ಳಗೆ ಅಕ್ಕಿಹಿಟ್ಟು ಉದುರಿಸಿ ಹೋದ. ಮರುದಿನ ಹಿಟ್ಟು ಇದ್ದ ಹಾಗೇ ಇತ್ತು, ಒಂದು ಬೆರಳಿನ ಗುರುತೂ ಇರಲಿಲ್ಲ. ಗಿಡ್ಡ ಮಾತ್ರ ಹೆಬ್ಬಾಗಿಲಲ್ಲಿದ್ದ. ಇನ್ನೊಂದು ದಿನ ಕಂಟ್ರೋಲರನ್ನೇ ಟವೆಲಿನಲ್ಲಿ ಸುತ್ತಿ ಪಿಕಪ್ಪಿನ ಡ್ಯಾಶ್‌ಬೋರ್ಡಿಗೆ ತುರುಕಿ ಬೀಗ ಹಾಕಿದ. ಮರುದಿನ ಬಾಡಿಗೆ ಮುಗಿಸಿ ಮನೆಗೆ ಬಂದು ನೋಡಿದರೆ ಮತ್ತೆ ಅದೇ ಹೆಬ್ಬಾಗಿಲು. ಹುಚ್ಚಪ್ಪನಿಗೆ ಸಿಟ್ಟಿಗಿಂತ ಹೆಚ್ಚಾಗಿ ಹೆದರಿಕೆಯಾಯಿತು.

ಊಟದ ಹೊತ್ತಿಗೆ ಬಾಯಿ ಬಿಡಿಸುವ ಉಪಾಯ ಹೂಡಿದ. ಸಾರು ಕಲಸುತ್ತಾ, ಏನೂ ತಿಳಿಯದವನ ಹಾಗೆ ಕೇಳಿದ: "ಅಲ್ದನಾ ದರ್ಶನ, ಆ ಪೆಟ್ಟಿಗೆ ಕೆಟ್ರೆ ನೀ ಮನೆಗೇ ಬಂದು ನೋಡ್ಬೇಕನಾ?"

"ಬ್ಯಾಡ ಮಾವ. ಅಂಗಡೀಲಿ ಕೂತ್ಕಂಡೇ ಒಳಗೆ ಹೋಗ್ತೆ. ಮೊನ್ನೆ ಆಟದ ಚಿತ್ರ ಕಾಣ್ತಿರ್ಲಿಲ್ಲ ಅಂದ್ರಲ್ಲ, ಅದನ್ನ ಅಲ್ಲಿಂದಲೇ ಸರಿ ಮಾಡಿದ್ದು," ಎಂದು ದರ್ಶನ ಮೊಬೈಲ್ ತೋರಿಸಿ ನಕ್ಕ.

ಹುಚ್ಚಪ್ಪನ ಕೈಯ ತುತ್ತು ಕೈಯಲ್ಲೇ ಉಳಿಯಿತು. ಕಳ್ಳ ತಾನಾಗೇ ದಾರಿ ತೋರಿಸಿದ್ದ. ಪೆಟ್ಟಿಗೆಯ ಹಸಿರು ದೀಪ ಹಗಲೂ ರಾತ್ರಿಯೂ ಯಾಕೆ ಉರಿಯುತ್ತದೆ ಎಂಬುದೂ ಈಗ ಅರ್ಥವಾಯಿತು. ಇವನಿಗೆ ಬಾಗಿಲು ತೆರೆದಿಡಲಿಕ್ಕೆ!

ಇದು ಬರೀ ಆಟದ ಮಾತಾಗಿದ್ದರೆ ಹುಚ್ಚಪ್ಪ ಗೊಣಗಿ ಸುಮ್ಮನಾಗುತ್ತಿದ್ದನೇನೋ. ಆದರೆ ಬರುವ ಆಯುಧಪೂಜೆಗೆ ಪಿಕಪ್ಪಿನ ಕೀಲಿಯನ್ನು ಅಳಿಯನ ಕೈಗೆ ಕೊಡುತ್ತೇನೆಂದು ಅವನು ಮಾತು ಕೊಟ್ಟಿದ್ದ. ದರ್ಶನನಿಗೆ ಹಳ್ಳಿಗಳ ಮೇಲೆ ವೈಫೈ, ಕ್ಯಾಮೆರಾ ಕೂರಿಸುವ ಕೆಲಸ ಸಿಗತೊಡಗಿತ್ತು. ಏಣಿ, ಕೇಬಲ್ ಹೊರಲು ಗಾಡಿ ಬೇಕಿತ್ತು. ಹುಚ್ಚಪ್ಪನಿಗೋ ಆ ಗಾಡಿಯೆಂದರೆ ಜೀವ. ಅದರ ಒಂದೊಂದು ನಟ್ಟಿಗೂ ಅವನ ಕೈಯ ಗುರುತಿತ್ತು. ಮುದುಕನೊಬ್ಬನ ಆಟಕ್ಕೇ ಕನ್ನ ಹಾಕುವವನು ಗಾಡಿಯನ್ನು ಬಿಟ್ಟಾನೆಯೇ?

ಹುಚ್ಚಪ್ಪ ಈ ಸಂಕಟವನ್ನು ಸ್ಟ್ಯಾಂಡಿನಲ್ಲಿ ತೋಡಿಕೊಂಡ. ಸ್ಟ್ಯಾಂಡಿನ ಹಿರಿಯ ಡ್ರೈವರು ಕೆರಿಯ ಎಂಬವನು ಬೆಂಕಿಗೆ ತುಪ್ಪ ಹೊಯ್ಯುವುದರಲ್ಲಿ ನಿಸ್ಸೀಮ.

"ಅವ ನಿನ್ನ ಪರೀಕ್ಷೆ ಮಾಡ್ತಾ ಇದಾನೆ ಮಾರಾಯ," ಎಂದ ಕೆರಿಯ. "ಮುದುಕಂಗೆ ಎಷ್ಟು ಗೊತ್ತಾಗ್ತದೆ, ಎಷ್ಟು ಗೊತ್ತಾಗೂದಿಲ್ಲ ಅಂತ. ಗೊತ್ತಾಗೂದಿಲ್ಲ ಅಂತಾದ್ರೆ ಗಾಡಿ, ಗಾಡಿ ಆದ್ಮೇಲೆ ಮನೆ."

ಸುತ್ತ ನಿಂತವರು ಹೌದೌದೆಂದು ತಲೆಯಾಡಿಸಿದರು. ರಸ್ತೆಯಾಚೆ ಅಂಗಡಿಯಲ್ಲಿ ದರ್ಶನ ಯಾರದೋ ಫೋನಿನ ಗಾಜು ಕೂರಿಸುತ್ತಿದ್ದ. ಅಷ್ಟೂ ಜನ ತನ್ನ ಕಡೆ ತಿರುಗಿದ್ದು ಕಂಡು ಅವನು ಕೈ ಎತ್ತಿದ. ಯಾರೂ ತಿರುಗಿ ಕೈ ಎತ್ತಲಿಲ್ಲ.

ಪೂಜೆಯ ಹಿಂದಿನ ಸಂಜೆ ಹುಚ್ಚಪ್ಪ ಗಾಡಿ ತೊಳೆದು ಬಂದ. ಟಿವಿ ಹಚ್ಚಿದ. ಹೆಬ್ಬಾಗಿಲು! ಅವನ ತಾಳ್ಮೆ ಅಲ್ಲಿಗೆ ಹರಿಯಿತು.

"ರಕ್ಷಿತಾ, ನಿನ್ನ ಗಂಡನ್ನ ಕರಿ. ನಾಳೆ ಕೀಲಿ ಕೊಡೂದಿಲ್ಲ ನಾನು. ಕಳ್ಳನ ಕೈಗೆ ಗಾಡಿ ಕೊಡೂದಿಲ್ಲ!"

ರಕ್ಷಿತಾಳ ಮುಖ ಬಿಳುಚಿತು. "ಎಂತ ಮಾತಾಡ್ತೆ ಅಪ್ಪ? ಯಾರು ಕಳ್ಳ?"

ಹುಚ್ಚಪ್ಪ ಹೊಟ್ಟೆಯಲ್ಲಿದ್ದುದನ್ನೆಲ್ಲ ಕಾರಿದ. ಅಕ್ಕಿಹಿಟ್ಟು, ಡ್ಯಾಶ್‌ಬೋರ್ಡು, ಹಸಿರು ದೀಪ, ಸ್ಟ್ಯಾಂಡಿನಲ್ಲಿ ಎಲ್ಲರೂ ಒಪ್ಪಿದ್ದು, ಒಂದನ್ನೂ ಬಿಡಲಿಲ್ಲ. ಬಾಗಿಲಲ್ಲಿ ನಿಂತು ಕೇಳುತ್ತಿದ್ದ ದರ್ಶನ ಕೊನೆಯ ಮಾತಿಗೆ ತಲೆ ಎತ್ತಿದ.

"ಸ್ಟ್ಯಾಂಡಿನಾಗೂ ಹೇಳಿದ್ರಾ ಮಾವ?"

ಹುಚ್ಚಪ್ಪ ಟಿವಿಯ ಕಡೆ ಮುಖ ತಿರುಗಿಸಿದ. ದರ್ಶನ ಒಳಗೆ ಬಂದು ಟಿವಿಯ ರಿಮೋಟನ್ನು ಎತ್ತಿಕೊಂಡ, ತನ್ನ ಮೊಬೈಲನ್ನು ದುರ್ಗಮ್ಮನ ಮಡಿಲಲ್ಲಿಟ್ಟ.

"ನನ್ನ ಫೋನು ಅತ್ತೆ ಹತ್ರ ಇರ್ಲಿ. ನೀವು ಈಗ ಆಡಿ ಮಾವ. ದಿನಾ ಹೆಂಗೆ ಮುಗಿಸ್ತ್ರಿ, ಹಂಗೇ ಮುಗಿಸಿ ತೋರ್ಸಿ."

ಹುಚ್ಚಪ್ಪ ಹಟಕ್ಕೆ ಬಿದ್ದು ಆಡಿದ. ಸಿಟ್ಟಿನ ಭರಕ್ಕೋ ಏನೋ, ಗಿಡ್ಡ ಅಂದು ಎಂದಿಗಿಂತ ಮೇಲೆ ಹತ್ತಿದ. ಈಟಿ ಹಿಡಿದ ಕಾವಲುಗಾರರನ್ನು ದಾಟಿದ, ಉರುಳುವ ಕಲ್ಲುಗಳನ್ನು ದಾಟಿ ಕಿಟಕಿಯಲ್ಲಿ ಚಂದ್ರ ಕಾಣುವ ಅಂತಸ್ತಿಗೆ ಬಂದು ನಿಂತ. "ಇಲ್ಲಿ ನೋಡ್ರಿ ಎಲ್ಲಾರೂ," ಎಂದ ಹುಚ್ಚಪ್ಪ. "ಎಲ್ಲಿ ನಿಂತಿದಾನೆ ಅಂತ ನೋಡ್ಕಳಿ."

ಮೆನು ತೆಗೆದ. ಎಡಗೈ ಅಭ್ಯಾಸಬಲದಿಂದ ರಿಮೋಟಿಗೆ ತಡಕಾಡಿತು. ದಿನವೂ ಬಲಗೈ ಗುಂಡಿ ಒತ್ತುವುದಕ್ಕೂ ಎಡಗೈ ಟಿವಿ ಆರಿಸುವುದಕ್ಕೂ ನಡುವೆ ಉಸಿರು ಬಿಡುವಷ್ಟು ಹೊತ್ತೂ ಇರುತ್ತಿರಲಿಲ್ಲ. ಸಾಮಾನು ತುಂಬಿದ ಕೂಡಲೇ ತಾಡಪಾಲು ಎಳೆಯುವ ಡ್ರೈವರನ ಕೈ ಅದು. ಇಂದು ರಿಮೋಟು ದರ್ಶನನ ಕೈಯಲ್ಲಿತ್ತು. ಹುಚ್ಚಪ್ಪ ಲೋಡ್ ಎಂಬಲ್ಲಿಗೆ ಹೋಗಿ ಗಟ್ಟಿಯಾಗಿ ಒತ್ತಿದ.

ಚಂದ್ರ ಮಾಯವಾದ. ಕಿಟಕಿ ಮಾಯವಾಯಿತು. ಗಿಡ್ಡ ಹೆಬ್ಬಾಗಿಲಲ್ಲಿ ನಿಂತಿದ್ದ.

ದುರ್ಗಮ್ಮ ಮಡಿಲಿನ ಮೊಬೈಲನ್ನೊಮ್ಮೆ ನೋಡಿದಳು, ಗಂಡನ ಹೆಬ್ಬೆರಳನ್ನೊಮ್ಮೆ ನೋಡಿದಳು.

"ಎಂತಕ್ಕೆ ಲೋಡ್ ಒತ್ತಿದ್ರಿ ಮಾವ?" ದರ್ಶನ ಮೆಲ್ಲಗೆ ಕೇಳಿದ.

"ಮತ್ತೆಂತ ಒತ್ತೂದು? ದುಡಿದಿದ್ದನ್ನ ಒಳಗೆ ತುಂಬಿ ಇಡ್ಬೇಕಲ್ಲ. ತುಂಬೂದು ಅಂದ್ರೆ ಲೋಡ್ ಮಾಡೂದು ಅಲ್ದನಾ?"

"ಇಡೂದು ಅಂದ್ರೆ ಸೇವ್ ಮಾವ. ಲೋಡ್ ಅಂದ್ರೆ ಮುಂಚೆ ಇಟ್ಟಿದ್ದನ್ನ ಹೊರಗೆ ತೆಗಿಯೂದು. ಮೊದಲ್ನೇ ದಿನ ನಿಮಗೆ ತೋರ್ಸೂಕೆ ಅಂತ ಹೆಬ್ಬಾಗಿಲಲ್ಲಿ ಇಟ್ಟಿದ್ದೆ ನಾನು. ನೀವು ದಿನಾ ಅದನ್ನೇ ತೆಗೀತಿದ್ರಿ."

"ಹೊರಗೆ ತೆಗಿಯೂದು ಅನ್‌ಲೋಡ್ ಅಲ್ಲನಾ!" ಹುಚ್ಚಪ್ಪ ಕಿರುಚಿದ. "ಸೇವ್ ಅಂದ್ರೆ ಕರೆಂಟ್ ಉಳಿಸೂದು! ಬಲ್ಬಿನ ಡಬ್ಬಿ ಮೇಲೆ ಬರೆದಿರ್ತದೆ!"

ರಕ್ಷಿತಾಳಿಗೆ ನಗುವೂ ಅಳುವೂ ಒಟ್ಟಿಗೇ ಬಂತು. ದರ್ಶನ ನಗಲಿಲ್ಲ. "ನೀವು ಎಂತದೂ ಒತ್ತದೇ ಸುಮ್ನೆ ಟಿವಿ ಆರ್ಸಿದ್ರೂ ಸಾಕಿತ್ತು ಮಾವ. ಪೆಟ್ಟಿಗೆ ಚಾಲೂ ಇರ್ತದೆ, ಅವ ನಿಂತಲ್ಲೇ ನಿಂತಿರ್ತಿದ್ದ. ಅದಕ್ಕೇ ಆ ದೀಪ ಉರಿಸಿಟ್ಟಿದ್ದು."

ಹುಚ್ಚಪ್ಪ ಕಂಟ್ರೋಲರನ್ನು ಕೆಳಗಿಟ್ಟ. ಇಡೀ ಹುಬ್ಬಳ್ಳಿ ರಸ್ತೆಯನ್ನು ಕಣ್ಣುಮುಚ್ಚಿ ಬಲ್ಲವನು ತನ್ನ ಹೆಬ್ಬೆರಳಿನ ಮೇಲೊಂದು ಕಣ್ಣಿಡದೆ ಹೋಗಿದ್ದ. ನಾಚಿಕೆಯಿಂದ ಮೈಯೆಲ್ಲ ಬೆವರಿತು. ಸೊಂಟಕ್ಕೆ ಸಿಕ್ಕಿಸಿದ್ದ ಕೀಲಿ ತೆಗೆದು ಮುಂದೆ ಚಾಚಿದ.

"ತಗಾ ಮಾರಾಯ. ನಾಳೆಯೇ ಎಂತಕ್ಕೆ, ಈಗ್ಲೇ ತಗಾ."

"ಬ್ಯಾಡ ಮಾವ," ಎಂದ ದರ್ಶನ. "ಒಂದು ಆಟಕ್ಕೆ ಕಳ್ಳ ಆದೆ. ನಾಳೆ ಡೀಸೆಲ್ ಕಡ್ಮೆ ಆದ್ರೂ ನನ್ನೇ ನೋಡ್ತ್ರಿ. ಸ್ಟ್ಯಾಂಡಿನ ಎದುರಿಗೇ ಅಂಗಡಿ ನಂದು. ಅವ್ರ ಮುಂದೆ ಆ ಗಾಡಿ ಓಡ್ಸೂದು ಹೆಂಗೆ?"

ರಿಮೋಟನ್ನು ಮಾವನ ಕೈಗೆ ಕೊಟ್ಟು ಅವನು ಒಳಗೆ ಹೋದ. ರಕ್ಷಿತಾ ಅವನ ಹಿಂದೆ ಹೋದಳು. ಹೋಗುವಾಗ ಅಪ್ಪನ ಕಡೆ ನೋಡಲಿಲ್ಲ.

ಮರುದಿನ ಸ್ಟ್ಯಾಂಡಿನಲ್ಲಿ ಗಾಡಿಗಳೆಲ್ಲ ಸಾಲಾಗಿ ನಿಂತು ಚೆಂಡುಹೂವಿನ ಮಾಲೆ ಹಾಕಿಸಿಕೊಂಡಿದ್ದವು. ರಸ್ತೆಯಾಚೆ ದರ್ಶನ ಅಂಗಡಿಯ ಸ್ಕ್ರೂಡ್ರೈವರುಗಳಿಗೆ ಕುಂಕುಮ ಇಡುತ್ತಿದ್ದ. ಮಂಗಳಾರತಿ ಮುಗಿದು ಮಂಡಕ್ಕಿ ಹಂಚುವ ಹೊತ್ತಿಗೆ ಹುಚ್ಚಪ್ಪ ತನ್ನ ಪಿಕಪ್ಪಿನ ಹಿಂಬದಿಗೆ ಹತ್ತಿ ನಿಂತ. ಸೊಂಟ ಚಳಕ್ ಎಂದರೂ ಇಳಿಯಲಿಲ್ಲ.

"ಕೆರಿಯಾ," ಎಂದು ರಸ್ತೆಯಾಚೆಗೂ ಕೇಳುವಂತೆ ಕೂಗಿದ, "ಲೋಡ್ ಮಾಡೂದು ಅಂದ್ರೆ ಎಂತದಾ?"

"ತುಂಬೂದು! ನಿಂಗೆ ತಲೆ ಕೆಟ್ಟಿದ್ಯನಾ?"

"ಇಲ್ಲಿ ಬೇರೆ ಥರ ಹೇಳೂರು ಯಾರಾರೂ ಇದೀರನ್ರಾ?"

ಯಾರೂ ಇರಲಿಲ್ಲ. ತುಂಬೂದು, ತುಂಬೂದು ಎಂದು ನಾಲ್ಕೂ ಕಡೆಯಿಂದ ದನಿ ಬಂತು.

"ಹಂಗಾದ್ರೆ ಈ ಸ್ಟ್ಯಾಂಡಿನಾಗೆ ಇರೂ ಅಷ್ಟೂ ಜನಕ್ಕೂ ಗೊತ್ತಿಲ್ಲ. ಆ ಆಟದಾಗೆ ಲೋಡ್ ಅಂದ್ರೆ ಹೊರಗೆ ತೆಗಿಯೂದಂತೆ. ನನ್ನ ಕೋಟೆ ಹಾಳು ಮಾಡಿದ್ದು ಯಾರೂ ಅಲ್ಲ, ಇದು!" ಹುಚ್ಚಪ್ಪ ತನ್ನ ಬಲಗೈ ಹೆಬ್ಬೆರಳನ್ನು ಎಲ್ಲರಿಗೂ ಕಾಣುವಂತೆ ಎತ್ತಿ ಹಿಡಿದ. "ದಿನಾ ಸಂಜೆ ನಾನೇ ಒತ್ತಿ ನಾನೇ ಅಳಿಸ್ದೆ. ಕಳ್ಳ ಅಂದಿದ್ದು ನನ್ನ ಅಳಿಯಂಗೆ. ನೀವೆಲ್ಲಾ ಹೌದು ಅಂದ್ರಿ. ಈಗ ನಗ್ರಿ ನೋಡುವಾ!"

ಕೆರಿಯ ಮೊದಲು ನಕ್ಕ. ಆಮೇಲೆ ಇಡೀ ಸ್ಟ್ಯಾಂಡು ಬಿದ್ದು ಬಿದ್ದು ನಕ್ಕಿತು. ಮಂಡಕ್ಕಿ ಬಾಯಲ್ಲಿದ್ದವರು ಕೆಮ್ಮಿದರು. ಇನ್ನು ಈ ಸ್ಟ್ಯಾಂಡು ಇರುವವರೆಗೂ ತನ್ನ ಹೆಸರು ಲೋಡ್ ಹುಚ್ಚಪ್ಪ ಎಂದೇ ಆಯಿತೆಂದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಅವನು ಬೆರಳು ಇಳಿಸಲಿಲ್ಲ. ನಗು ತೀರುವವರೆಗೂ ಹಾಗೇ ನಿಂತಿದ್ದ.

ಕೆಳಗೆ ನೋಡಿದರೆ ದರ್ಶನ ರಸ್ತೆ ದಾಟಿ ಬಂದು ಗಾಡಿಯ ಹತ್ತಿರ ನಿಂತಿದ್ದ. ಅವನ ಕಣ್ಣು ಕೆಂಪಾಗಿತ್ತು.

"ಇಳೀರಿ ಮಾವ, ಸೊಂಟ ಹಿಡಿತದೆ," ಎಂದು ಕೈ ಕೊಟ್ಟ.

ಹುಚ್ಚಪ್ಪ ಆ ಕೈ ಹಿಡಿದು ಇಳಿದ. ಇಳಿದವನು ಕೈ ಬಿಡದೆ, ಅದರೊಳಗೆ ಕೀಲಿ ಇಟ್ಟು ಬೆರಳು ಮಡಚಿದ. ಈ ಸಲ ದರ್ಶನ ಬೇಡ ಎನ್ನಲಿಲ್ಲ. ಚಕ್ರದಡಿಯ ನಿಂಬೆಹಣ್ಣುಗಳನ್ನು ಒಮ್ಮೆ ನೋಡಿಕೊಂಡು ಸ್ಟೇರಿಂಗಿನ ಹಿಂದೆ ಹತ್ತಿ ಕೂತ.

ಹುಚ್ಚಪ್ಪ ಗಾಡಿಗೆ ಒಂದು ಸುತ್ತು ಬಂದು, ಎಷ್ಟೋ ವರ್ಷಗಳ ಮೇಲೆ, ಕ್ಲೀನರ್ ಸೀಟಿಗೆ ಹತ್ತಿದ. ಡೀಸೆಲ್ ಮೀಟರಿನ ಕಡೆ ನೋಡಲಿಲ್ಲ.