ಬಿಲ್ಲೆಯ ಹಿಂಬದಿ

ಬಟವಾಡಿಯ ಅಣ್ಣಯ್ಯಪ್ಪನವರ ಬಸ್ ಕಂಪನಿಗೆ ಕಂಪ್ಯೂಟರ್ ಬಂದದ್ದು ಸಾವಿರದ ಒಂಬೈನೂರ ಎಂಬತ್ತೇಳರ ಸಂಕ್ರಾಂತಿ ಕಳೆದ ಮೇಲೆ. ಹನ್ನೆರಡು ಬಸ್ಸುಗಳ ಯಜಮಾನರಾದ ಅವರು ಪೆಟ್ಟಿಗೆ ಬಿಚ್ಚಿದ ಕೂಡಲೇ ಯಂತ್ರಕ್ಕೆ ಕುಂಕುಮ ಹಚ್ಚಿದರು, ಹೂ ಮುಡಿಸಿದರು. ಆಮೇಲೆ ಎರಡು ನಿಂಬೆಹಣ್ಣು ಹಿಡಿದುಕೊಂಡು, ಇದಕ್ಕೆ ಚಕ್ರ ಎಲ್ಲಿದೆ ಎಂದು ಒಂದು ಗಳಿಗೆ ಹುಡುಕಿದರಂತೆ.

ಯಂತ್ರದ ಹಿಂದೆಯೇ ಬಂದವಳು ಪುಟ್ಟಗಂಗಮ್ಮ. ಶೆಟ್ಟಿಹಳ್ಳಿಯ ಮೇಷ್ಟ್ರ ಮಗಳು. ಬಿಎಸ್ಸಿ ಮುಗಿಸಿ, ಆರು ತಿಂಗಳು ಬೆಂಗಳೂರಿಗೆ ಓಡಾಡಿ ಪ್ರೋಗ್ರಾಂ ಬರೆಯುವುದನ್ನು ಕಲಿತಿದ್ದಳು. ಯಾವ ಬಸ್ಸಿಗೆ ಯಾವ ಡ್ರೈವರ್, ಯಾವ ಕಂಡಕ್ಟರ್ ಎಂಬ ದಿನದ ಡ್ಯೂಟಿ ಪಟ್ಟಿಯನ್ನು ಕಂಪ್ಯೂಟರಿನಿಂದ ತೆಗೆಯುವುದು ಅವಳ ಕೆಲಸ. ಯುಗಾದಿಯವರೆಗೆ ನೋಡುತ್ತೇನೆ, ಸರಿಹೋದರೆ ಕಾಯಂ ಎಂದಿದ್ದರು ಯಜಮಾನರು.

ಅಲ್ಲಿಯವರೆಗೆ ಆ ಪಟ್ಟಿ ಇದ್ದದ್ದು ಒಂದು ಮರದ ಹಲಗೆಯ ಮೇಲೆ. ಹಲಗೆಯ ತುಂಬ ಮೊಳೆಗಳು, ಮೊಳೆಗಳಿಗೆ ತೂಗುಹಾಕಿದ ತಗಡಿನ ಬಿಲ್ಲೆಗಳು, ಒಂದೊಂದು ಬಿಲ್ಲೆಯ ಮೇಲೆ ಒಬ್ಬೊಬ್ಬರ ಹೆಸರು. ಕಾಯಂ ಆದವರಿಗೆ ಮಾತ್ರ ಬಿಲ್ಲೆ. ಹೊಸಬರ ಹೆಸರು ಹಲಗೆಯ ಕೆಳತುದಿಯಲ್ಲಿ ಸೀಮೆಸುಣ್ಣದಲ್ಲಿ ಇರುತ್ತಿತ್ತು. ಇಪ್ಪತ್ತಾರು ವರ್ಷ ಆ ಬಿಲ್ಲೆಗಳನ್ನು ಸಂಜೆ ಸಂಜೆ ಬದಲಾಯಿಸಿದವರು ಡ್ಯೂಟಿ ಗಂಗಹನುಮಯ್ಯ. ಕಂಪ್ಯೂಟರ್ ಬಂದ ವಾರ ಹಲಗೆ ಸ್ಟೋರ್ ರೂಮಿಗೆ ಹೋಯಿತು, ಅವರು ಸ್ಟ್ಯಾಂಡಿನಲ್ಲಿ ಬಸ್ಸು ಬಂದ ಹೊತ್ತು ಬರೆದುಕೊಳ್ಳುವ ಕೆಲಸಕ್ಕೆ ಹೋದರು. ಬೇಜಾರು ಮಾಡಿಕೊಂಡರೋ ಇಲ್ಲವೋ ಹೇಳಲಾಗದು. ದಿನಕ್ಕೆರಡು ಸಲ ಚಪ್ಪಲಿ ಹೊರಗೆ ಬಿಟ್ಟು ಕಂಪ್ಯೂಟರ್ ರೂಮಿಗೆ ಬಂದು, ಫ್ಯಾನಿನ ಕೆಳಗೆ ನಿಂತು, ಪುಟ್ಟಗಂಗಮ್ಮನನ್ನು ಕೆಣಕಿ ಹೋಗುತ್ತಿದ್ದರು.

"ಏನವ್ವ, ಏಟು ಉದ್ದ ಆಯ್ತು ನಿನ್ನ ಪ್ರೋಗ್ರಾಮು?"

"ಎರಡು ಸಾವಿರ ಸಾಲು, ಗಂಗಹನುಮಯ್ಯನವರೇ," ಎನ್ನುವಳು ಅವಳು, ಎರಡು ಸಾವಿರ ಎಂಬುದನ್ನು ಸ್ವಲ್ಪ ಒತ್ತಿ.

ಒತ್ತಿ ಹೇಳಲು ಕಾರಣವಿತ್ತು. ಒಬ್ಬೊಬ್ಬರ ಹಣೆಬರಹವನ್ನೂ ಕೇಳಿ ತಿಳಿದು ಅದರೊಳಗೆ ತುರುಕಿದ್ದಳು. ಡ್ರೈವರ್ ಜುಂಜಪ್ಪನಿಗೆ ಊಟದ ಮೇಲೆ ತೂಕಡಿಕೆ, ಮಧ್ಯಾಹ್ನದ ಬಸ್ಸು ಕೂಡದು. ಕಂಡಕ್ಟರ್ ತಿಪ್ಪಯ್ಯ ಶನಿವಾರ ದೇವರಾಯನದುರ್ಗಕ್ಕೆ ಹೋಗದೆ ಬಿಡುವವನಲ್ಲ. ಇಂಥವನ್ನೆಲ್ಲ ಗುಬ್ಬಿ ಬಸ್ಸಿನ ಸಾಲುಗಳಲ್ಲಿ ಒಮ್ಮೆ ಬರೆದಳು. ಕುಣಿಗಲ್ ಬಸ್ಸಿಗೂ ಬೇಕಲ್ಲ ಎಂದು ಅದನ್ನೇ ಅಲ್ಲಿಗೂ ನಕಲು ಮಾಡಿದಳು. ಹೀಗೆ ಹನ್ನೆರಡು ಬಸ್ಸಿಗೆ ಹನ್ನೆರಡು ನಕಲು. ಆ ಸಾಲಿನಿಂದ ಈ ಸಾಲಿಗೆ, ಈ ಸಾಲಿನಿಂದ ಇನ್ನೆಲ್ಲಿಗೋ ನೆಗೆಯುವ ಆ ಪ್ರೋಗ್ರಾಂ ಬೇರೆ ಯಾರಿಗೂ ಅರ್ಥವಾಗದು ಎಂಬುದು ಅವಳ ಹೆಮ್ಮೆ. ತನಗಾದರೂ ಅರ್ಥವಾಗುತ್ತದೆಯೇ ಎಂದು ಅವಳು ಆಗ ಯೋಚಿಸಿರಲಿಲ್ಲ.

ಫೆಬ್ರವರಿಯಲ್ಲಿ ಒಂದು ದಿನ ಗಂಗಹನುಮಯ್ಯ ಒಂದು ಲಾಡು ತಂದು ಕೀಬೋರ್ಡಿನ ಪಕ್ಕದಲ್ಲಿಟ್ಟರು. "ಡ್ರೈವರ್ ಸಿದ್ದಯ್ಯನ ಮಗನಿಗೂ ಕಂಡಕ್ಟರ್ ಓಬಳಯ್ಯನ ಮಗಳಿಗೂ ಮದುವೆ ಆಯ್ತು ಕಣವ್ವ. ನಿನ್ನ ಮಿಷಿನ್ಗೂ ಹೇಳ್ಬುಡು."

"ಒಳ್ಳೇದಾಗಲಿ. ಲಾಡು ಮಾತ್ರ ಇಲ್ಲಿಡಬೇಡಿ, ಇರುವೆ ಬರ್ತವೆ," ಎಂದಳು ಪುಟ್ಟಗಂಗಮ್ಮ, ಪರದೆಯಿಂದ ಕಣ್ಣು ತೆಗೆಯದೆ.

ಮುಂದಿನ ವಾರ ಕಂಪ್ಯೂಟರ್ ಆ ಇಬ್ಬರನ್ನೂ ಗುಬ್ಬಿ ಬಸ್ಸಿಗೆ ಹಾಕಿತು. ಬೆಳಿಗ್ಗೆ ಆರೂಕಾಲಕ್ಕೆ ಹೊರಟ ಬಸ್ಸು ಮುಕ್ಕಾಲು ಗಂಟೆಯ ದಾರಿಗೆ ಎರಡು ಗಂಟೆ ತೆಗೆದುಕೊಂಡಿತು. ಓಬಳಯ್ಯ ಹೆಣ್ಣು ಕೊಟ್ಟವನು. ಗಂಡಿನ ಅಪ್ಪನಿಗೆ ಹಿಂದಿನಿಂದ ಸೀಟಿ ಊದಿ "ಹೋಲ್ಡಾನ್" ಎನ್ನಲು ಬಾಯಿ ಬರುತ್ತದೆಯೇ? ಪ್ರತಿ ಸ್ಟಾಪಿನಲ್ಲೂ ಜನರ ನಡುವೆ ನುಗ್ಗಿ ಮುಂದೆ ಹೋಗಿ, "ಬೀಗರೇ, ವಸಿ ನಿಲ್ಲಿಸ್ತೀರಾ?" ಎಂದು ಕೇಳುತ್ತಿದ್ದ. ಅಷ್ಟು ಹೊತ್ತಿಗೆ ಸ್ಟಾಪು ಹಿಂದೆ ಹೋಗಿರುತ್ತಿತ್ತು. ಹೆಗ್ಗೆರೆಯಲ್ಲಿ ಇಳಿಯಬೇಕಾದವರು ಮಲ್ಲಸಂದ್ರದಲ್ಲಿ ಇಳಿದರು. ಸಿದ್ದಯ್ಯನೂ ಮರ್ಯಾದಸ್ಥನೇ. ಬೀಗರು ಕಾಫಿ ಕುಡಿಯದೆ ತಾನು ಸ್ಟೇರಿಂಗ್ ಮುಟ್ಟುವುದು ಹೇಗೆ ಎಂದು ಮಲ್ಲಸಂದ್ರದಲ್ಲೇ ಬಸ್ಸು ಬಿಟ್ಟು ಹೋಟೆಲಿಗೆ ಕರೆದುಕೊಂಡು ಹೋದ.

ಪುಟ್ಟಗಂಗಮ್ಮ ಆ ದಿನವೇ ಗುಬ್ಬಿ ಬಸ್ಸಿನ ಸಾಲುಗಳಲ್ಲಿ ಇಬ್ಬರನ್ನೂ ಬೇರೆ ಮಾಡಿದಳು. ಮಾರನೇ ದಿನ ಅವರು ಕುಣಿಗಲ್ ಬಸ್ಸಿನಲ್ಲಿ ಒಟ್ಟಿಗೆ ಬಂದರು. ಆ ನಕಲು ಅವಳಿಗೆ ಮರೆತುಹೋಗಿತ್ತು. ಅದನ್ನೂ ತಿದ್ದಿದಳು. ಆಗ ತಿಪ್ಪಯ್ಯನ ಹೆಸರು ಆರೂಕಾಲರ ಗುಬ್ಬಿ ಬಸ್ಸಿನಲ್ಲೂ ಬಂತು, ಆರೂಕಾಲರ ಕುಣಿಗಲ್ ಬಸ್ಸಿನಲ್ಲೂ ಬಂತು. ಅವನು ಪಟ್ಟಿ ಹಿಡಿದುಕೊಂಡು ಬಾಗಿಲಲ್ಲಿ ನಿಂತ.

"ಮೇಡಂ, ಯಾವ ಕಾಲು ಗುಬ್ಬಿಗೆ ಇಕ್ಲಿ, ಯಾವ ಕಾಲು ಕುಣಿಗಲ್ಗೆ ಇಕ್ಲಿ? ನೀವು ಹೇಳ್ದಂಗೆ."

ತಿಪ್ಪಯ್ಯನನ್ನು ಸರಿಮಾಡಿದರೆ ಜುಂಜಪ್ಪನಿಗೆ ಮಧ್ಯಾಹ್ನದ ಬಸ್ಸು ಬಿತ್ತು. ಒಂದು ಕಡೆ ಮುಟ್ಟಿದರೆ ಇನ್ನೊಂದು ಕಡೆ ಕೆಡುತ್ತಿತ್ತು. ಹಾಗೇ ತಿಂಗಳು ಕಳೆಯಿತು. ಯುಗಾದಿಗೆ ಎಂಟು ದಿನವಿದೆ ಎನ್ನುವಾಗ ಅಣ್ಣಯ್ಯಪ್ಪನವರು ಅವಳನ್ನು ಕರೆಸಿದರು.

"ನೋಡಮ್ಮ, ಯುಗಾದಿ ಮಾರನೇ ದಿನ ವರ್ಷತೊಡಕು, ನಮ್ಮ ಹುಡುಗ್ರಿಗೆ ಮನೇಲಿ ಬಾಡೂಟ, ಇಸ್ಪೀಟು. ಒಬ್ನೂ ಡ್ಯೂಟಿಗೆ ಬರೋಕೆ ಒಪ್ಪಲ್ಲ. ಜನ ಮಾತ್ರ ಬಸ್ ತುಂಬ ಇರ್ತಾರೆ. ಆವತ್ತಿನ ಪಟ್ಟಿ ಸರಿಯಾಗಿ ಬಂದ್ರೆ ಮಿಷಿನ್ನೂ ಇರ್ತದೆ, ನೀನೂ ಇರ್ತೀಯ. ಇಲ್ದಿದ್ರೆ ಹಲಗೆ ತಿರ್ಗಾ ಗೋಡೆಗೆ ಬರ್ತದೆ."

ಅವಳಿಗೆ ನಿಜಕ್ಕೂ ಹೆದರಿಕೆಯಾಯಿತು. ಆ ಕೆಲಸ ಅವಳಿಗೆ ಬೇಕಾಗಿತ್ತು. ಮಗಳಿಗೆ ಕೆಲಸ ಸಿಕ್ಕಿತೆಂದು ತಾಯಿ ಬಸವಲಿಂಗಮ್ಮ ಬೀದಿಗೆಲ್ಲ ಹೇಳಿಕೊಂಡು ಬಂದದ್ದಕ್ಕಲ್ಲ, ಸಂಬಳಕ್ಕೂ ಅಲ್ಲ. ತಾನು ಹೇಳಿದ್ದನ್ನು ಹೇಳಿದಂತೆಯೇ ಕೇಳುವ ವಸ್ತು ಅವಳ ಇಪ್ಪತ್ಮೂರು ವರ್ಷದ ಬಾಳಿನಲ್ಲಿ ಅದೊಂದೇ ಇತ್ತು. ಅದನ್ನು ಬಿಟ್ಟು ಮನೆಗೆ ಹೋಗಿ ಕೂರುವುದು ಅವಳಿಂದಾಗದು.

ಕಳೆದ ವರ್ಷ ವರ್ಷತೊಡಕಿಗೆ ಯಾರನ್ನು ಹಾಕಿದ್ದರು ಎಂಬ ಲೆಕ್ಕ ಎಲ್ಲಾದರೂ ಉಳಿದಿದೆಯೇ ಎಂದು ನೋಡಲು ಅವಳು ಸ್ಟೋರ್ ರೂಮಿಗೆ ಹೋದಳು. ಹಳೆಯ ಟೈರುಗಳ ಹಿಂದೆ ಹಲಗೆ ಗೋಡೆಗೆ ಒರಗಿತ್ತು. ಅದರ ಮೇಲೆ ಬಸ್ಸುಗಳ ಹೆಸರು, ಹೊರಡುವ ಹೊತ್ತು ಮತ್ತು ಮೊಳೆಗಳಿಗೆ ತೂಗುವ ಬಿಲ್ಲೆ ಬಿಟ್ಟರೆ ಬೇರೇನೂ ಇರಲಿಲ್ಲ. ಜುಂಜಪ್ಪನ ತೂಕಡಿಕೆಯ ಸುದ್ದಿ ಹಲಗೆಗೆ ಗೊತ್ತೇ ಇರಲಿಲ್ಲ. ಇಷ್ಟು ಪೆದ್ದು ಹಲಗೆಯಿಂದ ಇಪ್ಪತ್ತಾರು ವರ್ಷ ಬಸ್ಸು ಓಡಿದ್ದು ಹೇಗೆ ಎಂದುಕೊಂಡು ಅವಳು ಜುಂಜಪ್ಪನ ಬಿಲ್ಲೆಯನ್ನು ಕೈಗೆ ತೆಗೆದುಕೊಂಡು ತಿರುಗಿಸಿದಳು.

ಹಿಂಬದಿಯಲ್ಲಿ ಮೊಳೆಯಿಂದ ಗೀಚಿದ ಅಕ್ಷರಗಳಿದ್ದವು. "ಊಟದ ಮೇಲೆ ನಿದ್ದೆ. ಮಧ್ಯಾಹ್ನ ಕೊಡಬೇಡ."

ತಿಪ್ಪಯ್ಯನ ಬಿಲ್ಲೆ ತಿರುಗಿಸಿದಳು. "ಶನಿವಾರ ದುರ್ಗ." ಸಿದ್ದಯ್ಯನದನ್ನು ತಿರುಗಿಸಿದಳು. ಹಳೆಯ ಗೀಚುಗಳ ಕೆಳಗೆ ಒಂದು ಗೀಚು ಇನ್ನೂ ಹೊಳೆಯುತ್ತಿತ್ತು. "ಓಬಳಯ್ಯ ಬೀಗ. ಒಂದೇ ಬಸ್ ಬೇಡ."

ಗಂಗಹನುಮಯ್ಯ ಹಿಂದಿನಿಂದ ಬಂದು ನಿಂತಿದ್ದರು.

"ಹಲಗೆ ಇಳಿಸಿದ ಮೇಲೆ ಬರೆದಿದ್ದೀರಿ ಇದನ್ನ," ಎಂದಳು ಅವಳು. ಸಿಟ್ಟು ಬಂದಿತ್ತು. "ನನಗೆ ಯಾಕೆ ಹೇಳಲಿಲ್ಲ?"

"ಹೇಳ್ದೆ ಕಣವ್ವ. ಲಾಡು ಇಟ್ಟು ಹೇಳ್ದೆ. ನೀನು ಇರುವೆ ಬರ್ತವೆ ಅಂದೆ."

ಅವರು ಬಿಲ್ಲೆ ಇಸಿದುಕೊಂಡು ಪಂಚೆಯ ತುದಿಯಿಂದ ಒರೆಸಿದರು.

"ಮೊದಮೊದ್ಲು ನಾನೂ ಎಲ್ಲಾನೂ ಹಲಗೆ ಮೇಲೇ ಸೀಮೆಸುಣ್ಣದಲ್ಲಿ ಬರೀತಿದ್ದೆ. ಒಬ್ಬಂದು ಅಳಿಸೋಕೆ ಹೋದ್ರೆ ಪಕ್ಕದೋನ್ದೂ ಅಳಿಸಿ ಹೋಗೋದು. ಅದಕ್ಕೇ ತಗಡು ಕತ್ತರಿಸ್ದೆ. ಅವನವನ ತರಲೆ ಅವನವನ ಬೆನ್ನ ಮೇಲಿರ್ಲಿ ಅಂತ. ಹಲಗೆಗ್ಯಾಕೆ ಊರ ಉಸಾಬರಿ?"

ಪುಟ್ಟಗಂಗಮ್ಮ ಕಂಪ್ಯೂಟರ್ ರೂಮಿಗೆ ಹೋಗಿ ಎರಡು ಸಾವಿರ ಸಾಲುಗಳನ್ನೂ ಅಳಿಸಿದಳು. ಅಳಿಸುವಾಗ ಹೊಟ್ಟೆ ಉರಿಯಿತು, ಸುಳ್ಳು ಹೇಳಬಾರದು. ಐದು ದಿನ ಕೂತು ಹೊಸದಾಗಿ ಬರೆದಳು. ಬಸ್ಸು ಮತ್ತು ಹೊತ್ತು ಒಂದು ಕಡೆ. ಮನುಷ್ಯರು ಬೇರೆ ಕಡೆ, ಒಬ್ಬೊಬ್ಬನಿಗೆ ಒಂದೊಂದೇ ಜಾಗ, ಅವನ ರಜಾ, ನಿದ್ದೆ, ಬೀಗತನವೆಲ್ಲ ಅಲ್ಲೇ. ನಡುವೆ ಒಂದು ಪುಟ್ಟ ತುಂಡು: ಮೊಳೆಯಿಂದ ಮೊಳೆಗೆ ಹೋದಂತೆ ಬಸ್ಸಿನಿಂದ ಬಸ್ಸಿಗೆ ಹೋಗಿ, ಒಬ್ಬೊಬ್ಬನನ್ನು "ಇವತ್ತು ಆಗುತ್ತಾ?" ಎಂದು ಕೇಳುವುದಷ್ಟೇ ಅದರ ಕೆಲಸ. ಯಾಕೆ ಆಗದು ಎಂದು ಅದು ವಿಚಾರಿಸುತ್ತಿರಲಿಲ್ಲ. ಮುಗಿದಾಗ ಮುನ್ನೂರ ಹತ್ತು ಸಾಲಾಯಿತು.

"ಏಟು ಉದ್ದ?" ಎಂದರು ಗಂಗಹನುಮಯ್ಯ. ಅವಳು ಹೇಳಿದಳು. "ಪಾಪ, ಬಡವಾಗ್ಬುಡ್ತಲ್ಲ," ಎಂದು ಹೋದರು.

ಯುಗಾದಿಯ ದಿನ ಮಧ್ಯಾಹ್ನ ಅವಳು ವರ್ಷತೊಡಕಿನ ಪಟ್ಟಿ ತೆಗೆದಳು. ಅದು ಸರಿಯಾಗಿಯೇ ಇತ್ತು, ತಪ್ಪು ತೋರಿಸಿ ಡ್ಯೂಟಿ ತಪ್ಪಿಸಿಕೊಳ್ಳಲು ಯಾರಿಗೂ ದಾರಿ ಇರಲಿಲ್ಲ. ನಾಲ್ಕು ಗಂಟೆಗೆ ಗಂಗಹನುಮಯ್ಯ ಬಂದರು. ಕೈಯಲ್ಲಿ ಒಬ್ಬಟ್ಟಿತ್ತು. ಈ ಸಲ ಅದನ್ನು ಕೀಬೋರ್ಡಿನ ಹತ್ತಿರ ಇಡದೆ ಬಾಗಿಲಲ್ಲೇ ಹಿಡಿದು ನಿಂತರು.

"ತಿಪ್ಪಯ್ಯ ಮಾವಿನ ತೋರಣ ಕಟ್ಟೋಕೆ ಹೋಗಿ ಏಣಿಯಿಂದ ಬಿದ್ದವ್ನೆ. ಕಾಲು ಉಳುಕೈತೆ. ಗುಬ್ಬಿಗೂ ಇಕ್ಕಾಂಗಿಲ್ಲ, ಕುಣಿಗಲ್ಗೂ ಇಕ್ಕಾಂಗಿಲ್ಲ."

ಪುಟ್ಟಗಂಗಮ್ಮ ತಿಪ್ಪಯ್ಯನ ಜಾಗದಲ್ಲಿ ಒಂದೇ ಒಂದು ಸಾಲು ಬದಲಾಯಿಸಿ ಇನ್ನೊಮ್ಮೆ ಪಟ್ಟಿ ತೆಗೆದಳು. ಪ್ರಿಂಟರ್ ಕಿರುಗುಟ್ಟುತ್ತ ಸಾಲು ಸಾಲಾಗಿ ಉಗುಳಿತು. ಹಳೆಯ ಹಾಳೆಯ ಮೇಲೆ ಹೊಸ ಹಾಳೆ ಇಟ್ಟು ಕಿಟಕಿಯ ಬೆಳಕಿಗೆ ಹಿಡಿದಳು. ತಿಪ್ಪಯ್ಯ ಇದ್ದ ಕಡೆ ಡ್ಯೂಟಿ ಬೀಳದೆ ಉಳಿದಿದ್ದ ಕಂಡಕ್ಟರ್ ಗುಂಡಯ್ಯ ಬಂದಿದ್ದ. ಮಿಕ್ಕ ಎಲ್ಲ ಹೆಸರುಗಳೂ ಒಂದರ ಮೇಲೊಂದು ಹಾಗೇ ಕೂತಿದ್ದವು. ಅವಳಿಗೆ ಅಳು ಬಂತು. ಅದನ್ನು ಮರೆಸಲು ಒಬ್ಬಟ್ಟು ಇಸಿದುಕೊಂಡು ಅಲ್ಲೇ, ಕೀಬೋರ್ಡಿನ ಎದುರಿಗೇ, ತಿಂದಳು.

"ಇರುವೆ ಬರ್ತವೆ," ಎಂದರು ಗಂಗಹನುಮಯ್ಯ.

"ಬರಲಿ ಬಿಡಿ, ದೊಡ್ಡಪ್ಪ."

ಮಾರನೇ ದಿನ ಹನ್ನೆರಡು ಬಸ್ಸೂ ಹೊರಟವು. ಗುಂಡಯ್ಯ ಗೊಣಗುತ್ತ ಹೊರಟ, ಆದರೆ ಹೊರಟ. ಸಿದ್ದಯ್ಯ ಗುಬ್ಬಿ ಕಡೆಗೂ ಓಬಳಯ್ಯ ಕುಣಿಗಲ್ ಕಡೆಗೂ ಹೋದರು, ಹೆಗ್ಗೆರೆಯವರು ಹೆಗ್ಗೆರೆಯಲ್ಲೇ ಇಳಿದರು. ಅಣ್ಣಯ್ಯಪ್ಪನವರು ಸ್ಟ್ಯಾಂಡಿನಲ್ಲಿ ನಿಂತು ಎಲ್ಲವನ್ನೂ ನೋಡಿ, ಪುಟ್ಟಗಂಗಮ್ಮನಿಗೆ ಒಂದು ಮಾತೂ ಹೇಳದೆ ಮನೆಗೆ ಊಟಕ್ಕೆ ಹೋದರು. ಅವಳು ಸಂಜೆಯವರೆಗೆ ಕಾದಳು. ಯಾರೂ ಕರೆಯಲಿಲ್ಲ. ಚೀಲ ತೆಗೆದುಕೊಂಡು ಹೊರಡುವ ಹೊತ್ತಿಗೆ ಚಪ್ಪಲಿಯ ಪಕ್ಕದಲ್ಲಿ ಗಂಗಹನುಮಯ್ಯ ಕುಕ್ಕರುಗಾಲಲ್ಲಿ ಕೂತು ಏನನ್ನೋ ಅರದಿಂದ ಉಜ್ಜುತ್ತಿದ್ದರು.

"ಯಜಮಾನ್ರು ಬೆಳಿಗ್ಗೇನೇ ಹೇಳಿ ಹೋದ್ರು. ಅಂಚು ಚೂಪಿತ್ತು, ನಿನ್ನ ಕೈ ಕುಯ್ದೀತು ಅಂತ ಉಜ್ತಾ ಇದ್ದೆ," ಎಂದು ಅವಳ ಅಂಗೈಯಲ್ಲಿಟ್ಟರು.

ಹೊಸ ತಗಡು, ಮೇಲೆ ಮೊಳೆಗೆ ತೂಗುಹಾಕಲು ತೂತು. ಮುಂಬದಿಯಲ್ಲಿ ಕೆಂಪು ಬಣ್ಣದಲ್ಲಿ ಅವಳ ಹೆಸರಿತ್ತು. ಸೀಮೆಸುಣ್ಣದ ದಿನಗಳು ಮುಗಿದವು, ತಾನು ಕಾಯಂ ಎಂದು ಅವಳಿಗೆ ಅರ್ಥವಾಗಲು ಒಂದು ಕ್ಷಣ ಬೇಕಾಯಿತು. ಆಮೇಲೆ ಅವಳು ಬಿಲ್ಲೆಯನ್ನು ತಿರುಗಿಸಿದಳು.

"ಕೆಲಸದಲ್ಲಿದ್ದಾಗ ಕಿವಿ ಕೇಳದು. ಎರಡು ಸಲ ಹೇಳಿ."