ಒಂಬತ್ತು ಪಾದ

ಬಾಳಾಸಾಬ ಕುಣಿಯೊಳಗೆ ಇಣುಕಿ ನೋಡಿ, ಗೆಳೆಯ ಲಗಮಪ್ಪನ ಹೆಣ ಎತ್ತಲು ಬಗ್ಗಿದವರನ್ನು ಕೈಸನ್ನೆಯಿಂದ ತಡೆದ. ಮಣ್ಣಿಗೆ ಬಂದವರೆಂದರೆ ನಾಲ್ಕೇ ಮಂದಿ. ನಿಪ್ಪಾಣಿಯ ಉಳಿದ ಮಂದಿಯೆಲ್ಲ ಮಗ್ಗುಲಿನ ಮೈದಾನದಲ್ಲಿದ್ದರು. ಸುತ್ತಲಿನ ಕ್ಲಬ್ಬುಗಳಿಂದ ಆರಿಸಿದ ಹುಡುಗರ ಫುಟ್‌ಬಾಲ್ ಪ್ರದರ್ಶನ ಪಂದ್ಯ. ಚೆನ್ನಾಗಿ ಆಡಿದವರನ್ನು ಕರೆದೊಯ್ಯಲು ದೊಡ್ಡ ತಂಡಗಳವರು ಬಂದಿದ್ದರು. ಆ ಹುಡುಗರೆಲ್ಲ ಲಗಮಪ್ಪ ಎಳೆದ ಸುಣ್ಣದ ಗೆರೆಗಳ ನಡುವೆ ಆಡಿ ಬೆಳೆದವರು. ಅವನು ಸತ್ತ ಸುದ್ದಿ ಬೆಳಗ್ಗೆಯೇ ಮುಟ್ಟಿತ್ತು. ಒಬ್ಬನೂ ಇತ್ತ ಹಾಯಲಿಲ್ಲ.

"ಯಾಕೋ, ಏನಾತು?" ಯಡೂರಿನಿಂದ ಬಂದಿದ್ದ ಸುಂದ್ರವ್ವ ಕೇಳಿದಳು. ಹೆಂಡತಿ ಮಕ್ಕಳಿಲ್ಲದ ಲಗಮಪ್ಪನಿಗೆ ತನ್ನವರೆಂದು ಉಳಿದಿದ್ದವಳು ಈ ಅಕ್ಕ ಒಬ್ಬಳೇ.

ಬಾಳಾಸಾಬ ಕುಣಿ ತೋಡಿದವನತ್ತ ತಿರುಗಿದ. "ಯಾವ ಕಾಲ ಅಳದಿ?"

ಸತ್ತವನ ಪಾದದಿಂದಲೇ ಒಂಬತ್ತು ಪಾದ ಅಳೆದು ಕುಣಿ ತೋಡಿ, ಕೂತ ಭಂಗಿಯಲ್ಲೇ ಮಣ್ಣು ಮಾಡುವುದು ಅವರ ಪದ್ಧತಿ.

"ಬಲಗಾಲ್ರಿ. ಬಲಗಾಲ ಅಳೀಬೇಕಲ್ರಿ? ಬೆರಳ ಇರಲಿಲ್ಲ, ಇದ್ದಷ್ಟ ಅಳದೇನಿ."

ಬಾಳಾಸಾಬ ಹೆಣದ ಮೊಂಡು ಬಲಗಾಲಿನತ್ತ ನೋಡಿದ.

*

ಮೂರು ವರ್ಷದ ಹಿಂದೆ ಸಕ್ಕರೆ ಕಾಯಿಲೆಯಿಂದ ಲಗಮಪ್ಪನ ಬಲಗಾಲಿನ ಐದೂ ಬೆರಳು ಹೋದವು. ಗಾಯ ಮಾಯುವುದೇ ತಡ, ಸುಣ್ಣದ ಬುಟ್ಟಿ ಹಿಡಿದು ಮೈದಾನಕ್ಕೆ ಇಳಿದ. ಪೆನಾಲ್ಟಿ ಚುಕ್ಕೆಗೆ ಅವನ ಲೆಕ್ಕ ಒಂದೇ: ಗೋಲಿನ ಗೆರೆಯಿಂದ ಹೆಬ್ಬೆರಳಿಗೆ ಹಿಮ್ಮಡಿ ಕೂಡಿಸುತ್ತ ನಲವತ್ನಾಲ್ಕು ಪಾದ. ಟೇಪು ಕೊಟ್ಟರೆ ನಗುತ್ತಿದ್ದ. ಕಾಲು ಮೊಟಕಾದರೂ ಎಣಿಕೆ ಬದಲಾಗಲಿಲ್ಲ. ಚುಕ್ಕೆ ಮೂರು ಅಡಿ ಗೋಲಿನತ್ತ ಸರಿಯಿತು. ವರ್ಷಗಟ್ಟಲೆ ಗೋಲು ಕಾದಿದ್ದ ಬಾಳಾಸಾಬ ಅದನ್ನು ಕಣ್ಣಳತೆಯಲ್ಲೇ ಹಿಡಿದ. ಹುಡುಗರೂ ಹಿಡಿದರು.

"ಇರಲಿ ಬಿಡ್ರೋ, ಯಾರ ನೋಡ್ತಾರ," ಎಂದಿದ್ದ ಬಾಳಾಸಾಬ. ಹೇಳಿದರೆ ಗೆಳೆಯನ ಮನಸ್ಸು ಮುರಿದೀತೆಂಬ ಹೆದರಿಕೆ.

ನಿನ್ನೆ ಪಂದ್ಯಕ್ಕೆಂದು ಹೊರಗಿನವರು ಬಂದು ಚುಕ್ಕೆಗೆ ಟೇಪು ಎಳೆದರು. "ಯಾವ ಕುರುಡ ಹಾಕಿದ್ದು ಇದನ್ನ?" ಎಂದು ಒಬ್ಬ ನಕ್ಕ. ಹುಡುಗರೂ ನಕ್ಕರು. ಲಗಮಪ್ಪ ತನ್ನ ಬಲಗಾಲು ನೋಡಿಕೊಂಡ. ಆಮೇಲೆ ಬಾಳಾಸಾಬನ ಮುಖ ನೋಡಿದ.

"ನಿನಗ ಗೊತ್ತಿತ್ತೇನೋ?"

ಬಾಳಾಸಾಬ ಬಗ್ಗಿ ಟೇಪು ಸುತ್ತತೊಡಗಿದ. ಲಗಮಪ್ಪ ಬುಟ್ಟಿಯನ್ನು ಅಲ್ಲೇ ಇಟ್ಟು, ಕುಂಟುತ್ತ ಒಬ್ಬನೇ ಮನೆಗೆ ಹೋದ. ಬೆಳಗ್ಗೆ ಏಳಲಿಲ್ಲ.

*

"ಇರಲಿ ಬಿಡೋ," ಎಂದಳು ಸುಂದ್ರವ್ವ. "ಹೊತ್ತ ಮುಳಗಾಕತ್ತೈತಿ. ಒಂದೀಟ ಸಣ್ಣದಾದ್ರ ಯಾರ ನೋಡ್ತಾರ?"

"ಇಲ್ಲ ಅಕ್ಕಾ. ಅಳತಿ ತಪ್ಪೈತಿ." ದನಿ ಬೇಕಾದ್ದಕ್ಕಿಂತ ಜೋರಾಗಿ ಬಂತು. "ತಪ್ಪೈತಿ ಅಂತ ನಾ ಹೇಳಾಕತ್ತೇನಿ!"

ಲಗಮಪ್ಪನ ಎಡಗಾಲಿನ ಹಿಮ್ಮಡಿಗೆ ದಾರ ಹಚ್ಚಿ, ಹೆಬ್ಬೆರಳ ತುದಿಯವರೆಗೆ ಎಳೆದು ಗಂಟು ಹಾಕಿದ. ಸ್ನಾನ ಮಾಡಿಸಿದ್ದರೂ ಉಗುರಿನ ಸಂದಿಯಲ್ಲಿ ಸುಣ್ಣ ಉಳಿದಿತ್ತು. ಬಾಳಾಸಾಬ ಸಲಿಕೆ ಇಸಿದುಕೊಂಡು ತಾನೇ ಕುಣಿಗಿಳಿದ.

ಮೈದಾನದಲ್ಲಿ ಸೀಟಿ ಕೇಳಿಸಿತು. ಮಂದಿ ಗಪ್ಪಾದರು, ಪೆನಾಲ್ಟಿ ಇರಬೇಕು. ಮರುಗಳಿಗೆಯಲ್ಲಿ ದೊಡ್ಡ ಕೂಗೆದ್ದಿತು. ಬಾಳಾಸಾಬ ತಲೆ ಎತ್ತಲಿಲ್ಲ. ತೋಡಿದಷ್ಟು ನೆಲದ ಮೇಲೆ ದಾರ ಹಾಸಿ ಹಾಸಿ, ಕುಣಿಯ ದಂಡೆಯ ಮೇಲೆ ಕೂರಿಸಿದ್ದ ಲಗಮಪ್ಪನಿಗೆ ಕೇಳಿಸಲೆಂದು ಗಟ್ಟಿಯಾಗಿ ಎಣಿಸುತ್ತಿದ್ದ.

"ಏಳು... ಎಂಟು... ತಡಿಯೋ ಲಗಮ್ಯಾ, ಇನ್ನೊಂದ ಐತಿ."